ಮೂರನೆಯ ಗುಂಡಿಯ ನೀರು

ಬಂಗಾರಪೇಟೆ
೨೨ ಏಪ್ರಿಲ್ ೧೯೯೦

ಅಪ್ಪನಿಗೆ ನಮಸ್ಕಾರ.

ನನ್ನ ಕಾಗದ ನೋಡಿ ಅಮ್ಮನಿಗೆ ಗಾಬರಿಯಾಗಬಹುದು. ಯಾರಿಗೂ ಏನೂ ಆಗಿಲ್ಲ ಎಂದು ಮೊದಲು ಹೇಳಿಬಿಡಿ. ಚಾಂಪಿಯನ್ ರೀಫ್ಸಿಗೆ ಇಲ್ಲಿಂದ ರೈಲಿದೆ, ಬಂದು ಕೇಳಬಹುದಿತ್ತು. ಆದರೆ ಬಂದಾಗಲೆಲ್ಲ ನಮ್ಮಿಬ್ಬರ ಮಾತು "ಊಟ ಆಯ್ತಾ", "ಆಯ್ತು" ಎನ್ನುವಲ್ಲಿಗೆ ಮುಗಿದುಹೋಗುತ್ತದೆ. ಅದಕ್ಕೇ ಕಾಗದ.

ಕಂಬದಗಾನಹಳ್ಳಿಯ ಹತ್ತಿರ ಹೆದ್ದಾರಿ ಅಗಲ ಮಾಡಿದ ಕೆಲಸ ನನ್ನ ಪಾಲಿನದು. ರಸ್ತೆ ಚೆನ್ನಾಗಿಯೇ ಆಗಿದೆ. ಆದರೆ ಅದು ಗುಡ್ಡಕ್ಕೂ ಊರ ಕೆರೆಗೂ ನಡುವೆ ಅಡ್ಡ ಮಲಗಿದೆ. ಮೊದಲು ಗುಡ್ಡದಿಂದ ನೇರ ಕೆರೆಗಿಳಿಯುತ್ತಿದ್ದ ಮಳೆನೀರು ಈಗ ರಸ್ತೆಯ ನೀರಿನ ಜೊತೆ ಸೇರಿ, ನಾವು ಕಟ್ಟಿದ ಚರಂಡಿಯಲ್ಲಿ ಹರಿದು ಕೆರೆಗೆ ಬೀಳುತ್ತದೆ. ಲಾರಿಗಳ ಡೀಸೆಲ್ಲು, ಟಾರು, ಟೈರಿನ ಪುಡಿ ಎಲ್ಲವೂ ಅದರೊಂದಿಗೆ. ಮಾಲಿನ್ಯ ಮಂಡಳಿಯಿಂದ ಪತ್ರ ಬಂದಿದೆ: ಕೆರೆಗೆ ಸೇರುವ ನೀರಿನಲ್ಲಿ ಎಣ್ಣೆ ಲೀಟರಿಗೆ ಹತ್ತು ಮಿಲಿಗ್ರಾಂ ಮೀರುವಂತಿಲ್ಲ, ಕೆಸರು ನೂರು ಮೀರುವಂತಿಲ್ಲ. ನಮ್ಮ ಸಾಹೇಬರು, "ಚರಂಡಿ ಬಾಯಿ ಮುಚ್ಚಿ, ನೀರನ್ನು ಆಚೆ ಹಳ್ಳಕ್ಕೆ ತಿರುಗಿಸಿಬಿಡಿ, ರಗಳೆಯೇ ಬೇಡ" ಎಂದರು. ಹಾಗೆ ಮಾಡಿದರೆ ಆ ಕೆರೆಗೆ ಇನ್ನು ಒಂದು ಹನಿಯೂ ಬರುವುದಿಲ್ಲ. ಊರಿನ ಬಾವಿಗಳೆಲ್ಲ ಕೆರೆಯ ಏರಿಯ ಕೆಳಗೇ ಇವೆ. ನಾನು ಕಾಡಿ ಬೇಡಿ ಅಕ್ಟೋಬರ್ ಕೊನೆಯವರೆಗೆ ಗಡುವು ಪಡೆದಿದ್ದೇನೆ. ಅಷ್ಟರೊಳಗೆ ನೀರು ಶುದ್ಧವಾಗದಿದ್ದರೆ ಚರಂಡಿ ಮುಚ್ಚುವುದೇ.

ಗುರುವಾರ ಮಧ್ಯಾಹ್ನ ವರ್ಷದ ಮೊದಲ ಮಳೆ ಬಂತು. ಚರಂಡಿಯ ಬಾಯಲ್ಲಿ ಛತ್ರಿ ಹಿಡಿದು ನಿಂತು ಐದೈದು ನಿಮಿಷಕ್ಕೆ ಒಂದು ಸೀಸೆ ತುಂಬಿಸಿದೆ, ಹನ್ನೆರಡು ಸೀಸೆ. ಮೊದಲನೆಯದು ಕಾಫಿ ಡಿಕಾಕ್ಷನ್ನಿನಷ್ಟು ಕಪ್ಪು, ಮೇಲೆ ಬಣ್ಣಬಣ್ಣದ ಎಣ್ಣೆಪೊರೆ. ಆಮೇಲೆ ತೆಳುವಾಗುತ್ತಾ ಆಗುತ್ತಾ ಹೋಗಿ ಹನ್ನೆರಡನೆಯದು ಕುಡಿಯಬಹುದೇನೋ ಎನ್ನುವಂತಿತ್ತು. ಎಲ್ಲವನ್ನೂ ಆಫೀಸಿನ ಕಿಟಕಿಯಲ್ಲಿ ಸಾಲಾಗಿ ಇಟ್ಟಿದ್ದೇನೆ. ಬಂದವರೆಲ್ಲ ನಿಂತು ನೋಡಿ ಹೋಗುತ್ತಾರೆ. ರಸ್ತೆ ಹಾಕುವುದನ್ನು ನಾನು ಓದಿದ್ದೆ, ರಸ್ತೆ ಮೈ ತೊಳೆದುಕೊಳ್ಳುವುದನ್ನು ನೋಡಿದ್ದು ಇದೇ ಮೊದಲು.

ನೀವು ಚಿನ್ನದ ಗಣಿಯ ಕೆಳಗೆ ನೀರಿನ ಕೆಲಸದಲ್ಲಿ ಇದ್ದಿರಿ. ಕೆಸರು ನೀರನ್ನು ತಿಳಿ ಮಾಡಿಯೇ ಪಂಪಿಗೆ ಕೊಡುತ್ತಿದ್ದಿರಂತೆ, ಅಮ್ಮ ಹೇಳಿದ್ದಳು. ಅದು ಹೇಗೆ ಎಂದು ಬರೆಯುವಿರಾ?

ನಿಮ್ಮ ಮಗಳು,
ಅನಸೂಯ


ಚಾಂಪಿಯನ್ ರೀಫ್ಸ್
೨೯ ಏಪ್ರಿಲ್ ೧೯೯೦

ಅನಸೂಯಾ,

ನಿನ್ನ ಕಾಗದ ಬಂದದ್ದು ಮಂಗಳವಾರ. ಇವತ್ತು ಭಾನುವಾರ. ನಡುವೆ ಏನು ಕಡಿಯುತ್ತಿದ್ದೆ ಎಂದರೆ, ಉತ್ತರ ಬರೆಯಬೇಕೋ ಬೇಡವೋ ಎಂದು ಯೋಚಿಸುತ್ತಿದ್ದೆ. ನಿನ್ನ ಅಮ್ಮ ಮೂರು ಸಲ ಓದಿಸಿಕೊಂಡಳು. ಮೂರನೆಯ ಸಲ, "ಮಗಾ ಬಾಯ್ಬಿಟ್ಟು ಕೇಳವ್ಳೆ. ಏಳ್ಕೊಡ್ದೆ ಇದ್ರೆ ಇವತ್ತು ಮುದ್ದೆ ಇಲ್ಲ ನೋಡು" ಎಂದಳು. ಅದಕ್ಕೆ ಬರೆಯುತ್ತಿದ್ದೇನೆ.

ಮೊದಲು ಒಂದು ಮಾತು. ಎಂಟು ವರ್ಷದ ಹಿಂದೆ ಪಾಲಿಟೆಕ್ನಿಕ್ಕಿನ ಅರ್ಜಿಯಲ್ಲಿ 'ತಂದೆಯ ಉದ್ಯೋಗ' ಎಂಬ ಕಡೆ ನೀನು 'ಗುಮಾಸ್ತ' ಎಂದು ಬರೆದಿದ್ದೆ. ಕೆಳಗೆ ಸಹಿ ಹಾಕಿದವನು ನಾನು. ಓದದೆ ಸಹಿ ಹಾಕುತ್ತೇನೆ ಎಂದುಕೊಂಡಿದ್ದೆಯಾ? ಓದಿದೆ, ಆಮೇಲೆ ಹಾಕಿದೆ. ಇಷ್ಟು ವರ್ಷ ಆ ಮಾತು ಗಂಟಲಲ್ಲೇ ಇತ್ತು, ಈಗ ಆಚೆ ಬಂತು. ಇನ್ನು ಸಂಪಿನ ವಿಷಯ.

ಆರು ಸಾವಿರ ಅಡಿ ಕೆಳಗೆ ಬಂಡೆಯಿಂದ ನೀರು ಒಸರುತ್ತದೆ. ಬಿಸಿನೀರು. ಯಾವ ಕಾಲದಲ್ಲಿ ಬಿದ್ದ ಮಳೆಯೋ ಅದು, ನಮ್ಮ ತಾತನ ತಾತನ ಕಾಲದ್ದೋ, ಇನ್ನೂ ಹಿಂದಿನದೋ. ಆ ನೀರಿನಲ್ಲಿ ಬಂಡೆಯ ಪುಡಿ ಕಲಸಿ ಗಂಜಿಯಾಗಿರುತ್ತದೆ. ಹಾಗೇ ಪಂಪಿಗೆ ಕೊಟ್ಟರೆ ವಾರಕ್ಕೆ ಒಂದು ವಾಲ್ವು ಸವೆದುಹೋಗುತ್ತದೆ. ಅದಕ್ಕೆ ಬಂಡೆ ಕೊರೆದು ಸಾಲಾಗಿ ಮೂರು ಗುಂಡಿ ಮಾಡಿರುತ್ತೇವೆ. ಸಂಪು ಅಂದರೆ ಅದೇ. ಮೊದಲ ಗುಂಡಿಯಲ್ಲಿ ದಪ್ಪ ಕೆಸರು ಕೂರುತ್ತದೆ, ಎರಡನೆಯದರಲ್ಲಿ ಸಣ್ಣದು. ಪಂಪಿನಿಂದ ಸೋರಿದ ಎಣ್ಣೆ ತೇಲುತ್ತದಲ್ಲ, ಅದಕ್ಕೆ ಗುಂಡಿಗೂ ಗುಂಡಿಗೂ ನಡುವೆ ಹಲಗೆ ತೂಗಿಬಿಡುತ್ತೇವೆ, ಅರ್ಧ ನೀರೊಳಗೆ, ಅರ್ಧ ಮೇಲೆ. ನೀರು ಹಲಗೆಯ ಕೆಳಗಿಂದ ನುಸುಳಿ ಹೋಗುತ್ತದೆ, ಎಣ್ಣೆ ಈಚೆಗೇ ನಿಲ್ಲುತ್ತದೆ, ಗೋಣಿತಾಟಿನಿಂದ ಹೀರಿ ತೆಗೆಯಬೇಕು. ತೇಲುವುದನ್ನು ಮೇಲೇ ತಡಿ, ಕೂರುವುದನ್ನು ಕೆಳಗೇ ಕೂರಿಸು, ನಡುವಿನದನ್ನು ಮಾತ್ರ ಮುಂದಕ್ಕೆ ಬಿಡು. ಇಷ್ಟೇ ವಿದ್ಯೆ. ಮತ್ತೆ, ಅವಸರ ಮಾಡಬೇಡ. ನೀರಿಗೆ ಕೂರುವುದಕ್ಕೆ ಪುರುಸೊತ್ತು ಕೊಡಬೇಕು.

ಮೂರನೆಯ ಗುಂಡಿಯ ನೀರು ಹೇಗಿರುತ್ತಿತ್ತು ಎಂದರೆ, ತಲೆಯ ದೀಪ ಬಗ್ಗಿಸಿದರೆ ಹನ್ನೆರಡು ಅಡಿ ಕೆಳಗಿನ ಉಳಿಯ ಗುರುತು ಒಂದೊಂದೂ ಕಾಣುತ್ತಿತ್ತು. ಸುತ್ತ ಕತ್ತಲು, ಧಗೆ, ಮೈಯೆಲ್ಲ ಕೆಸರು. ಆ ಗುಂಡಿಯೊಂದು ಮಾತ್ರ ಹಾಗೆ. ಮೂವತ್ತೊಂದು ವರ್ಷ ನೋಡಿದೆ, ಒಂದು ದಿನವೂ ಸಾಮಾನ್ಯ ಅನ್ನಿಸಲಿಲ್ಲ. ಸುಮ್ಮನೆ ನಿಂತುಬಿಡುತ್ತಿದ್ದೆ. "ಮೇಸ್ತ್ರಿ ಮತ್ತೆ ಸಂಪು ನೋಡ್ತಾ ನಿಂತ್ಕಂಡ" ಎಂದು ಪಂಪಿನ ಕುಪ್ಪುಸ್ವಾಮಿ ನಗುತ್ತಿದ್ದ.

ಇದನ್ನು ಯಾರೂ ನನ್ನನ್ನು ಕೇಳಿರಲಿಲ್ಲ.

ನಿನ್ನ ತಂದೆ,
ಶ್ರೀರಾಮಪ್ಪ, ಗುಮಾಸ್ತ


ಬಂಗಾರಪೇಟೆ
೧೭ ಜೂನ್ ೧೯೯೦

ಅಪ್ಪನಿಗೆ,

ನಿಮ್ಮ ಕಾಗದ ಕೈಯಲ್ಲಿಟ್ಟುಕೊಂಡೇ ನಕ್ಷೆ ಬರೆದೆ. ಚರಂಡಿ ಕೆರೆ ಮುಟ್ಟುವ ಮುಂಚೆ ಸಾಲಾಗಿ ಮೂರು ಗುಂಡಿ, ಒಂದೊಂದೂ ಮೂವತ್ತು ಅಡಿ ಉದ್ದ, ಏಳು ಅಡಿ ಆಳ. ನಡುವೆ ತೂಗುಹಲಗೆ. ಸಾಹೇಬರು ನಕ್ಷೆ ತಿರುಗಿಸಿ ಮುರುಗಿಸಿ ನೋಡಿ, "ಇದು ಯಾವ ಪುಸ್ತಕದ್ದಮ್ಮ?" ಎಂದರು. ಗೊತ್ತಿರುವವರನ್ನು ಕೇಳಿದೆ ಎಂದಷ್ಟೇ ಹೇಳಿದೆ. ಗುಂಡಿಗಳು ಮೊನ್ನೆ ಮುಗಿದವು.

ಊರಿನ ನೀರುಗಂಟಿ ಸೊಣ್ಣಪ್ಪ ಎಂಬ ಮುದುಕ ದಿನಾ ಬಂದು ಕೂತು ನೋಡುತ್ತಿದ್ದ. ಕೆರೆಯ ತೂಬು ತೆರೆಯುವುದು, ಮುಚ್ಚುವುದು, ಗದ್ದೆಗಳಿಗೆ ನೀರು ಹಂಚುವುದು ಅವನ ಮನೆತನದ ಕೆಲಸ. ಕೊನೆಯ ದಿನ ಎದ್ದು ಬಂದು, "ಗುಂಡಿ ಸರಿ ಕಣಮ್ಮಣ್ಣಿ. ಬಾಗ್ಲೆಲ್ಲಿ?" ಎಂದ. ಬಾಗಿಲು ಯಾಕೆ, ನೀರು ತಾನಾಗಿ ಬರುತ್ತೆ, ತಾನಾಗಿ ಹೋಗುತ್ತೆ ಎಂದೆ. "ಓಗ್ಲಿ ಬಿಡು, ಓದ್ದೋರು ನೀವು" ಎಂದು ಎಲೆಅಡಿಕೆ ಉಗುಳಿ ಹೋದ.

ನೀವು ಬರೆದ ಇನ್ನೊಂದು ವಿಷಯಕ್ಕೆ ಉತ್ತರ ಬರೆಯಲು ಮೂರು ಸಲ ಕೂತೆ. ಮೂರು ಸಲವೂ ಹಾಳೆ ಹರಿದೆ.

ಅನಸೂಯ


ಬಂಗಾರಪೇಟೆ
೧೯ ಆಗಸ್ಟ್ ೧೯೯೦

ಅಪ್ಪನಿಗೆ,

ಎಲ್ಲ ಹಾಳಾಯಿತು.

ಜೂನ್, ಜುಲೈನ ತುಂತುರು ಮಳೆಗೆ ಗುಂಡಿಗಳು ಚೆನ್ನಾಗಿಯೇ ಕೆಲಸ ಮಾಡಿದವು. ನಾನು ಹಿಗ್ಗಿ ಹೀರೇಕಾಯಿಯಾಗಿದ್ದೆ. ಗುರುವಾರ ಮಧ್ಯಾಹ್ನ ಮೂರು ಗಂಟೆಗೆ ಬಂದದ್ದು ಅಂಥ ಮಳೆಯಲ್ಲ. ಎದುರಿಗಿದ್ದ ಮನುಷ್ಯ ಕಾಣುತ್ತಿರಲಿಲ್ಲ. ಮೊದಲೇ ಅರ್ಧ ನೀರಿದ್ದ ಮೂರೂ ಗುಂಡಿ ಕಾಲು ಗಂಟೆಗೆ ತುಂಬಿದವು. ಆಮೇಲೆ ಬಂದ ನೀರು ತಳಕ್ಕೆ ನುಗ್ಗಿ, ಎರಡು ತಿಂಗಳಿಂದ ಕೂತಿದ್ದ ಕೆಸರನ್ನೆಲ್ಲ ಎಬ್ಬಿಸಿತು. ಎಣ್ಣೆ ಹಲಗೆಯ ಮೇಲೆ ಹಾರಿತು. ಎರಡು ತಿಂಗಳ ಹೊಲಸು ಒಂದೇ ಏಟಿಗೆ ಕೆರೆಗೆ ಹೋಯಿತು. ಗುಂಡಿ ಇಲ್ಲದಿದ್ದರೇ ಚೆನ್ನಾಗಿರುತ್ತಿತ್ತು.

ಮರುದಿನ ಕೆರೆಯ ಅಂಚಿನಲ್ಲಿ ಕಪ್ಪು ಪಟ್ಟಿ. ಎಮ್ಮೆಗಳು ಮೂಸಿ ನೋಡಿ ಹಿಂದಕ್ಕೆ ಬಂದವು. ಡೈರಿಗೆ ಹಾಲು ಹಾಕುವ ಮುನಿರತ್ನಮ್ಮ ನನ್ನ ಮುಖಕ್ಕೇ ಹೇಳಿದಳು, "ರಸ್ತೆ ಬೇಕು ಅಂತ ನಾವೇನು ಅರ್ಜಿ ಆಕಿದ್ವಾ ತಾಯಿ? ಇವಕ್ಕೆ ಎಲ್ಲಿಂದ ನೀರು ತರ್ಲಿ ಏಳು." ಸಾಹೇಬರು ಸೆಪ್ಟೆಂಬರಿನಲ್ಲೇ ಚರಂಡಿ ಮುಚ್ಚೋಣ ಎನ್ನುತ್ತಿದ್ದಾರೆ.

ನಿಮ್ಮ ತಪ್ಪಲ್ಲ. ಲೆಕ್ಕ ಹಾಕಿದವಳು ನಾನು.

ಅನಸೂಯ


ಚಾಂಪಿಯನ್ ರೀಫ್ಸ್
೨೬ ಆಗಸ್ಟ್ ೧೯೯೦

ಅನಸೂಯಾ,

ನನ್ನದೇ ತಪ್ಪು. ದೊಡ್ಡ ಮನಸ್ಸು ಮಾಡಿ ಮುಚ್ಚಿಡಬೇಡ.

ನಾನು ಮೂವತ್ತೊಂದು ವರ್ಷ ಆಕಾಶ ಇಲ್ಲದ ಕಡೆ ಕೆಲಸ ಮಾಡಿದವನು. ಕೆಳಗೆ ನೀರು ಎಂದರೆ ಬೆಳಿಗ್ಗೆ ಎಷ್ಟೋ ಸಂಜೆಯೂ ಅಷ್ಟೇ. ಯುಗಾದಿಗೂ ಅಷ್ಟೇ, ದೀಪಾವಳಿಗೂ ಅಷ್ಟೇ. ಮೇಲೆ ಗುಡುಗು ಸಿಡಿಲು ಬಂದರೂ ನಮಗೆ ತಿಳಿಯುತ್ತಿದ್ದದ್ದು ಪಾಳಿ ಮುಗಿಸಿ ಆಚೆ ಬಂದು ನೆಲ ಒದ್ದೆ ಇದ್ದದ್ದು ನೋಡಿದಾಗ. ನೀರು ಒಂದೇ ಸಲ ಮೇಲಿಂದ ಬೀಳುತ್ತದೆ ಎನ್ನುವುದೇ ನನಗೆ ಹೊಳೆಯಲಿಲ್ಲ ನೋಡು! ಮಳೆಯನ್ನು ಮರೆತು ಮಳೆನೀರಿಗೆ ಗುಂಡಿ ಹೇಳಿಕೊಟ್ಟ ಮೇಸ್ತ್ರಿ ನಾನು.

ಗುರುವಾರ ನಿನಗೆ ಹೇಳದೆ ಕಂಬದಗಾನಹಳ್ಳಿಗೆ ಹೋಗಿದ್ದೆ. ಬಸ್ಸಿಳಿದು ನಡೆಯುವಷ್ಟರಲ್ಲಿ ಕೆಮ್ಮು ಹತ್ತಿಕೊಂಡಿತು, ಹುಣಸೆಮರದ ಕೆಳಗೆ ಕೂತೆ. ಒಬ್ಬ ಬಂದು ನೀರು ಕೊಟ್ಟ. ಅವನೇ ನಿನ್ನ ಸೊಣ್ಣಪ್ಪ. ಆ ಗುಂಡಿ ಹೇಳಿಕೊಟ್ಟ ಪುಣ್ಯಾತ್ಮ ನಾನೇ ಎಂದೆ. ಅವನು ಬಿದ್ದು ಬಿದ್ದು ನಕ್ಕ. ನನಗೂ ನಗು ಬಂತು. ಆಮೇಲೆ ಇಬ್ಬರೂ ಸಂಜೆಯ ಬಸ್ಸಿನವರೆಗೆ ಗುಂಡಿಯ ಅಂಚಿನಲ್ಲಿ ಕೂತೆವು.

ಅವನು ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "ಒಸ ಮಳೆ ಮೊದಲ್ನೇ ನೀರ್ನ ನಮ್ಮಪ್ಪನ ಕಾಲ್ದಿಂದ್ಲೂ ಕೆರೆಗೆ ಬಿಡಲ್ಲ ಕಣಣ್ಣೋ. ಕಾಲ್ವೆ ಬಾಯಿಗೆ ಮಣ್ಣಾಕಿ ಬೀಳು ನೆಲಕ್ಕೆ ತಿರುಗಿಸ್ತೀವಿ. ಒಂದು ಎಲೆಅಡಿಕೆ ಅಗಿಯೋ ಒತ್ತು. ಆಮ್ಯಾಕೆ ಕಾಲ್ವೇಲಿ ನಿಂತು ನೋಡ್ತೀನಿ. ಕಾಲ್ಗೆ ಜಿಡ್ಡು ತಗಲ್ದಂಗೆ ಆದ್ಮೇಲೆ ಮಣ್ಣು ಕಿತ್ತು, ಬಾರವ್ವ ಗಂಗಮ್ಮ ಅಂತ ಒಳಕ್ಕೆ ಕರ್ಕೊಂತೀನಿ. ನಿನ್ ಮಗ್ಳು ಕೊಳೆ ನೀರ್ನೂ ತಿಳಿ ನೀರ್ನೂ ಒಂದೇ ಗುಂಡಿಗೆ ತುಂಬವ್ಳೆ. ಅದ್ಕೇ ಬಾಗ್ಲೆಲ್ಲಿ ಅಂದಿದ್ದು."

ಮಗಳೇ, ನಾನು ಭೂಮಿಯೊಳಗಿನ ನೀರು ನೋಡಿದವನು. ಅವನು ಆಕಾಶದ ನೀರು ನೋಡಿದವನು. ಅವನ ಎದುರಿಗೆ ನಾನು ಶಾಲೆಯ ಹುಡುಗನ ಹಾಗೆ ಕೂತಿದ್ದೆ. ನಿನ್ನ ಕಿಟಕಿಯ ಹನ್ನೆರಡು ಸೀಸೆ ಇನ್ನೂ ಇವೆಯಾ? ಹೋಗಿ ಮತ್ತೊಂದು ಸಲ ನೋಡು.

ನಿನ್ನ ತಂದೆ,
ಶ್ರೀರಾಮಪ್ಪ


ಬಂಗಾರಪೇಟೆ
೯ ಸೆಪ್ಟೆಂಬರ್ ೧೯೯೦

ಅಪ್ಪನಿಗೆ,

ನೋಡಿದೆ. ಹಣೆ ಚಚ್ಚಿಕೊಂಡೆ. ಉತ್ತರ ನಾಲ್ಕು ತಿಂಗಳಿಂದ ನನ್ನ ಕಿಟಕಿಯಲ್ಲೇ ಸಾಲಾಗಿ ಕೂತಿತ್ತು. ಕೊಳೆಯೆಲ್ಲ ಮೊದಲ ನಾಲ್ಕು ಸೀಸೆಯಲ್ಲಿ. ಮಿಕ್ಕ ಎಂಟು ಸೀಸೆಯ ನೀರಿಗೆ ಗುಂಡಿಯೇ ಬೇಕಾಗಿರಲಿಲ್ಲ.

ಈಗ ಬಾಗಿಲು ಇಡಿಸಿದ್ದೇನೆ. ಚರಂಡಿಯ ಬಾಯಲ್ಲಿ ಒಂದು ಗಟ್ಟಿ ಹಲಗೆ. ಮಳೆ ಶುರುವಾದಾಗ ಅದು ನೀರನ್ನು ಗುಂಡಿಗಳಿಗೆ ತಿರುಗಿಸುತ್ತದೆ. ಜಿಡ್ಡು ಹೋದ ಮೇಲೆ ಹಲಗೆ ತಿರುಗಿಸಿದರೆ ಗುಂಡಿಯ ದಾರಿ ಮುಚ್ಚಿ, ತಿಳಿನೀರು ಪಕ್ಕದ ಕಾಲುವೆಯಲ್ಲಿ ಕೆರೆಗೆ. ಒಳಗೆ ಸಿಕ್ಕಿದ ಕೊಳೆನೀರು ಮೂರು ದಿನ ಅಲ್ಲಾಡದೆ ಕೂರುತ್ತದೆ, ನೀವು ಹೇಳಿದ ಪುರುಸೊತ್ತು. ಆಮೇಲೆ ಮೂರನೆಯ ಗುಂಡಿಯಿಂದ ಮೆಲ್ಲಗೆ ಬಿಡುವುದು. ಒಂದು ವಿಷಯ ನಾನೂ ಸೊಣ್ಣಪ್ಪನಿಗೆ ಹೇಳಿಕೊಟ್ಟೆ: ಹೊಲದ ಕೊಳೆ ವರ್ಷಕ್ಕೊಮ್ಮೆ ತೊಳೆದುಹೋಗಬಹುದು, ರಸ್ತೆಯದು ಹಾಗಲ್ಲ. ಎರಡು ವಾರ ಒಣಗಿದರೆ ಮತ್ತೆ ಅಷ್ಟೇ ಎಣ್ಣೆ. ಪ್ರತಿ ಮಳೆಗೂ ಬಾಗಿಲು ಕಾಯಬೇಕು. "ಅದಕ್ಕೇನು, ಮಳೆ ಬಂದ್ರೆ ಊರೋರೆಲ್ಲ ಮನೆಗೋಡ್ತಾರೆ, ನೀರುಗಂಟಿ ಕೆರೆಗೋಡ್ತಾನೆ" ಎಂದ.

ಸಾಹೇಬರಿಗೆ ನಂಬಿಕೆ ಇಲ್ಲ. ಗಡುವು ಮಾತ್ರ ಕಿತ್ತುಕೊಳ್ಳಲಿಲ್ಲ. ಇನ್ನು ಒಂದು ಒಳ್ಳೆಯ ಮಳೆ ಬೇಕು, ಅದೂ ಅಕ್ಟೋಬರಿನೊಳಗೆ.

ನೀವು ಬರಬೇಡಿ. ಡಾಕ್ಟರು ತಣ್ಣನೆಯ ಗಾಳಿ ಸೋಕಬಾರದು ಎಂದಿದ್ದಾರಂತೆ, ಅಮ್ಮ ಬರೆಸಿದ್ದಳು. ಏನೇನು ಆಯಿತೋ ಎಲ್ಲ ನಾನು ಬರೆಯುತ್ತೇನೆ, ಒಂದು ಸೀಸೆಯನ್ನೂ ಬಿಡದೆ.

ಅನಸೂಯ


ಬಂಗಾರಪೇಟೆ
೯ ಅಕ್ಟೋಬರ್ ೧೯೯೦

ಅಪ್ಪನಿಗೆ,

ನೀವು ಇರಬೇಕಿತ್ತು! ಬರಬೇಡಿ ಎಂದವಳು ನಾನೇ, ಆದರೂ ಇರಬೇಕಿತ್ತು.

ಹದಿನೆಂಟು ದಿನ ಒಣಗಿದ ಮೇಲೆ ಶುಕ್ರವಾರ ಮಧ್ಯಾಹ್ನ ಹಸ್ತಾ ಮಳೆ ಸುರಿಯಿತು. ಆಗಸ್ಟಿನದಕ್ಕಿಂತ ಒಂದು ಕೈ ಮೇಲೆ. ನಾನು ಜೀಪಿನಲ್ಲಿ ಹೋಗುವಷ್ಟರಲ್ಲಿ ಸೊಣ್ಣಪ್ಪ ಆಗಲೇ ಚರಂಡಿಯಲ್ಲಿ ಬರಿಗಾಲಲ್ಲಿ ನಿಂತಿದ್ದ. ತಲೆಗೆ ಗೋಣಿ, ಬಾಯಲ್ಲಿ ಎಲೆಅಡಿಕೆ, ಕಣ್ಣು ಮುಚ್ಚಿದ್ದ. ಕಪ್ಪು ನೀರು ಅವನ ಮೊಣಕಾಲಿಗೆ ಬಡಿದು, ಮೊದಲೇ ಖಾಲಿ ಮಾಡಿಟ್ಟಿದ್ದ ಗುಂಡಿಗೆ ನುಗ್ಗುತ್ತಿತ್ತು. ನಾನು ಗಡಿಯಾರ ನೋಡುತ್ತಾ ಸೀಸೆ ತುಂಬಿಸುತ್ತಿದ್ದೆ. ಇಪ್ಪತ್ತು ನಿಮಿಷಕ್ಕೆ, "ಹೊತ್ತಾಯಿತು, ಹಲಗೆ ತಿರುಗಿಸಿ" ಎಂದು ಕೂಗಿದೆ. ಅವನು ಕಣ್ಣು ತೆರೆಯದೆ, "ತಡ್ಕಳಮ್ಮಣ್ಣಿ, ಇನ್ನೂ ಜಿಡ್ಡೈತೆ" ಎಂದ. ಮೂರನೆಯ ಗುಂಡಿ ಅಂಚಿಗೆ ಬರುತ್ತಿತ್ತು. ಇನ್ನೂ ನಾಲ್ಕು ನಿಮಿಷ. ಆಮೇಲೆ ಎಲೆಅಡಿಕೆ ಉಗುಳಿದ, "ಬಾರವ್ವ ತಾಯಿ" ಎಂದು ಹಲಗೆಗೆ ಹೆಗಲು ಕೊಟ್ಟ. ನಾನೂ ಕೊಟ್ಟೆ.

ನೀರು ತಿರುಗಿತು. ಅಷ್ಟು ದೊಡ್ಡ ಮಳೆ, ಅಷ್ಟು ರಭಸ, ಅದೆಲ್ಲ ನಮ್ಮ ಒಂದು ಹಲಗೆಗೆ ಮಣಿದು ಪಕ್ಕಕ್ಕೆ ಹೊರಳಿ ಕೆರೆಗೆ ಹೋಯಿತು. ಗುಂಡಿಗಳು ಅಲ್ಲಾಡಲಿಲ್ಲ. ಒಂದು ಗಂಟೆ ಹೊತ್ತು ನೋಡುತ್ತಾ ನಿಂತೆ, ಛತ್ರಿ ಎಲ್ಲಿ ಹಾರಿಹೋಯಿತೋ ಗೊತ್ತಿಲ್ಲ.

ಸೀಸೆಗಳು: ಮೊದಲ ಮೂರು ಕಪ್ಪು. ನಾಲ್ಕನೆಯದು, ಹದಿನೈದು ನಿಮಿಷದ್ದು, ಕಂದು. ಇಪ್ಪತ್ತು ನಿಮಿಷದ್ದು ನನ್ನ ಕಣ್ಣಿಗೆ ತಿಳಿಯಾಗಿಯೇ ಇತ್ತು. ಇಪ್ಪತ್ನಾಲ್ಕರದ್ದೂ ಹಾಗೇ, ಎರಡಕ್ಕೂ ವ್ಯತ್ಯಾಸವೇ ಕಾಣಲಿಲ್ಲ. ಎಲ್ಲವನ್ನೂ ಪರೀಕ್ಷೆಗೆ ಕಳಿಸಿದ್ದೇನೆ.

ಇವತ್ತು ಬೆಳಿಗ್ಗೆ ಒಬ್ಬಳೇ ಮೂರನೆಯ ಗುಂಡಿಯ ಹತ್ತಿರ ಹೋಗಿದ್ದೆ. ಮೂರು ದಿನ ಕಳೆದಿತ್ತು. ಪರೀಕ್ಷೆಗೆ ಒಂದು ಸೀಸೆ ತುಂಬಿಸಿಕೊಂಡು ಬಗ್ಗಿ ನೋಡಿದೆ. ಏಳು ಅಡಿ ಕೆಳಗೆ ಗುದ್ದಲಿಯ ಏಟುಗಳು ಒಂದೊಂದೂ ಕಾಣುತ್ತಿದ್ದವು. ಅದೇ ನೀರು ಶುಕ್ರವಾರ ಡಾಂಬರಿನ ಬಣ್ಣ ಇತ್ತು. ನಾವು ಏನೂ ಬೆರೆಸಲಿಲ್ಲ, ಕಾದೆವು ಅಷ್ಟೇ. ನೀವು ಮೂವತ್ತು ವರ್ಷ ಯಾಕೆ ನಿಂತು ನೋಡುತ್ತಿದ್ದಿರಿ ಎಂದು ಅಲ್ಲಿ ನಿಂತಾಗ ಗೊತ್ತಾಯಿತು. ಅತ್ತುಬಿಟ್ಟೆ ಅಪ್ಪ.

ಅನಸೂಯ


ಬಂಗಾರಪೇಟೆ
೪ ನವೆಂಬರ್ ೧೯೯೦

ಅಪ್ಪನಿಗೆ,

ಫಲಿತಾಂಶ ಬಂತು. ಚರಂಡಿ ಮುಚ್ಚುವುದಿಲ್ಲ. ಕೆರೆ ಉಳಿಯಿತು.

ಮೂರನೆಯ ಗುಂಡಿಯ ನೀರಿನಲ್ಲಿ ಎಣ್ಣೆ ನಾಲ್ಕು, ಕೆಸರು ಅರವತ್ತೆರಡು. ಅದಕ್ಕಿಂತ ಇದನ್ನು ಕೇಳಿ: ನಾನು ಹಲಗೆ ತಿರುಗಿಸಿ ಎಂದು ಕೂಗಿದ ಇಪ್ಪತ್ತನೆಯ ನಿಮಿಷದ ಸೀಸೆಯಲ್ಲಿ ಎಣ್ಣೆ ಹದಿನಾರು. ಸೊಣ್ಣಪ್ಪ ಹಲಗೆಗೆ ಹೆಗಲು ಕೊಟ್ಟ ನಿಮಿಷದ್ದರಲ್ಲಿ ಆರು. ಮಂಡಳಿಯ ಗೆರೆ ಹತ್ತು. ಆ ಹತ್ತು ಅವನ ಅಂಗಾಲಿಗೆ ಹೇಗೆ ಗೊತ್ತು? ವರದಿ ಹಿಡಿದು ಓಡಿಹೋಗಿ ಹೇಳಿದೆ. "ಅದಕ್ಯಾಕೆ ಅಷ್ಟು ಕಾಗ್ದ" ಎಂದ.

ಮಂಡಳಿಗೆ ಕಳಿಸುವ ನಮೂನೆಯನ್ನು ನಾನೇ ತುಂಬಿಸಿದೆ. ಒಂಬತ್ತನೆಯ ಕಲಂ 'ವಿನ್ಯಾಸಕ್ಕೆ ಆಧಾರ'. ಯಾವುದಾದರೂ ಪುಸ್ತಕದ ಹೆಸರು ಬರೆ ಎಂದು ಸಾಹೇಬರು ಹೇಳಿದರು. ನಾನು ಬರೆದದ್ದನ್ನು ಇಲ್ಲಿ ನಕಲು ಮಾಡುತ್ತೇನೆ:

'ಶ್ರೀ ಶ್ರೀರಾಮಪ್ಪ, ಚಾಂಪಿಯನ್ ರೀಫ್ಸ್ ಗಣಿಯಲ್ಲಿ ಮೂವತ್ತು ವರ್ಷ ಸಂಪು ಮೇಸ್ತ್ರಿ. ನನ್ನ ತಂದೆ. ಹಾಗೂ ಶ್ರೀ ಸೊಣ್ಣಪ್ಪ, ಕಂಬದಗಾನಹಳ್ಳಿ ಕೆರೆಯ ನೀರುಗಂಟಿ.'

ಸಾಹೇಬರು ಓದಿದರು, ನನ್ನ ಮುಖ ನೋಡಿದರು, ಸಹಿ ಹಾಕಿದರು.

ಶಾಲೆಯಲ್ಲಿ ನನ್ನನ್ನು 'ಕೆಸರು ಮೇಸ್ತ್ರಿ ಮಗಳು' ಎಂದು ರೇಗಿಸುತ್ತಿದ್ದರು. ಆ ನಾಚಿಕೆಯಿಂದ ಅವತ್ತು ಹಾಗೆ ಬರೆದೆ. ತಪ್ಪು ಮಾಡಿದೆ. ನೀವು ಓದಿಯೂ ಸಹಿ ಹಾಕಿದಿರಿ ಎನ್ನುವುದನ್ನು ನಾನು ಎಲ್ಲಿ ಇಟ್ಟುಕೊಳ್ಳಲಿ? ಈ ನಮೂನೆಯ ನಕಲು ಜೊತೆಗಿಟ್ಟಿದ್ದೇನೆ. ಓದಿ.

ಅನಸೂಯ


ಚಾಂಪಿಯನ್ ರೀಫ್ಸ್
೮ ನವೆಂಬರ್ ೧೯೯೦

ಚಿರಂಜೀವಿ ಅನಸೂಯಳಿಗೆ,

ನಮೂನೆ ಓದಿದೆ. ಒಂಬತ್ತನೆಯ ಕಲಮಿನಲ್ಲಿ ಒಂದು ತಪ್ಪಿದೆ. ಮೂವತ್ತು ವರ್ಷ ಅಲ್ಲ, ಮೂವತ್ತೊಂದು. ಓದದೆ ಸುಮ್ಮನಿರುವವನಲ್ಲ ನಾನು, ನಿನಗೆ ಗೊತ್ತಲ್ಲ. ತಿದ್ದಿಸು.

ಮಿಕ್ಕದ್ದೆಲ್ಲ ಸರಿಯಾಗಿದೆ.

ನಿನ್ನ ಅಮ್ಮ ಆ ಹಾಳೆಯನ್ನು ಗಣಿಯವರ ಲೈನಿನ ಮನೆಮನೆಗೂ ತೋರಿಸಿ ಬಂದಳು. ಕುಪ್ಪುಸ್ವಾಮಿಗೆ ಕನ್ನಡ ಓದಲು ಬಾರದು, ಅವನಿಗೆ ತಮಿಳಿನಲ್ಲಿ ಬಿಡಿಸಿ ಹೇಳಿದಳಂತೆ. "ನಿಮ್ಮಪ್ಪ ಬೆಳಿಗ್ಗಿಂದ ಕನ್ನಡಕ ಒರೆಸ್ತಾನೇ ಅವ್ನೆ ಅಂತ ಬರಿ" ಎಂದು ಪಕ್ಕದಲ್ಲಿ ನಿಂತು ಹೇಳುತ್ತಿದ್ದಾಳೆ. ಬರೆದಿದ್ದೇನೆ.

ಭಾನುವಾರ ಬೆಳಗಿನ ರೈಲಿಗೆ ಬಾ. ಸ್ಟೇಷನ್ನಿಗೆ ನಾನೇ ಬರುತ್ತೇನೆ, ಕೆಮ್ಮು ಕಡಿಮೆಯಾಗಿದೆ. ಊಟ ಆಯ್ತಾ ಎಂದು ಕೇಳಬೇಡ. ಎರಡನೆಯ ಗುಂಡಿಯ ಕೆಸರು ಎತ್ತುವುದು ಹೇಗೆ ಎಂದು ಕೇಳು, ಅದನ್ನು ನಿನಗೆ ಇನ್ನೂ ಹೇಳಿಕೊಟ್ಟಿಲ್ಲ.

ನಿನ್ನ ತಂದೆ,
ಶ್ರೀರಾಮಪ್ಪ
ಸಂಪು ಮೇಸ್ತ್ರಿ